ಎದುರುಮನೆ ಆಂಟಿಯ ಅರವತ್ತಾರು ಇಂಚು

ಎಡಗಣ್ಣು ಮುಚ್ಚಿ, ಬಲಗೈಯನ್ನು ಮೂಗಿನ ನೇರಕ್ಕೆ ಚಾಚಿ, ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ ಅವರು ನನ್ನನ್ನು ಅಳೆದರು. ಅದೇ ಕೈಯ ಮಧ್ಯದ ಬೆರಳಿನಲ್ಲಿ, ಉಗುರಿನ ಪಕ್ಕಕ್ಕೆ, ಹುಣಿಸೆಬೀಜದಷ್ಟು ದೊಡ್ಡ ಗಡಸು ಗಂಟು ಇತ್ತು. ವರ್ಷಗಟ್ಟಲೆ ಪೆನ್ಸಿಲ್ ಒತ್ತಿ ಒತ್ತಿ ಎದ್ದದ್ದು. ನಾನು ಅವರ ಬಾಗಿಲಲ್ಲಿ ಹೆಂಡತಿ ಕೊಟ್ಟ ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು, ಎದುರುಮನೆಗೆ ಹೊಸದಾಗಿ ಬಂದವರು ಎಂದು ಪರಿಚಯ ಹೇಳಿಕೊಳ್ಳಲು ಬಾಯಿ ತೆರೆದಿದ್ದೆನಷ್ಟೆ.

"ಐದಡಿ ಐದಿಂಚು," ಎಂದರು. "ಲೈಸೆನ್ಸಿನಲ್ಲಿ ಎಷ್ಟು ಬರೆಸಿದ್ದಿ?"

ಕ್ಯಾಲಿಫೋರ್ನಿಯಾದಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವಾಗ ನನ್ನ ಎತ್ತರವನ್ನು ಯಾರೂ ಅಳೆದಿರಲಿಲ್ಲ. ನಾನು ಬರೆದದ್ದೇ ಎತ್ತರ. "ಐದಡಿ ಏಳು," ಎಂದೆ.

"ಎರಡಿಂಚು ಕದ್ದಿದ್ದಿ. ಅಡ್ಡಿಲ್ಲ. ಒಳಗೆ ಬಾ, ಕಾಫಿ ಮಾಡ್ತೇನೆ."

ಹೀಗೆ, ಕಳ್ಳನೆಂದು ಸಾಬೀತಾದ ಮೇಲೆ, ನಾನು ಆ ಮನೆಯೊಳಗೆ ಕಾಲಿಟ್ಟೆ. ಅವರನ್ನು ನಾನು ಕೊನೆಯವರೆಗೂ ಆಂಟಿ ಎಂದೇ ಕರೆದೆ. ಹೆಸರು ಹಿಡಿದು ಕರೆಯುವ ಧೈರ್ಯ ನಮ್ಮ ಬೀದಿಯಲ್ಲಿ ಅಂಚೆಯವನಿಗೆ ಮಾತ್ರ ಇತ್ತು. ಅವನೂ ದೂರದಿಂದ ಕರೆಯುತ್ತಿದ್ದ.

ಆಂಟಿ ಉಡುಪಿಯವರು. ಡಿಪ್ಲೊಮಾ ಮುಗಿಸಿ, ಅಣ್ಣನ ಬೆನ್ನು ಹತ್ತಿ ಅಮೆರಿಕಕ್ಕೆ ಬಂದವರು. ಚಾಟ್ಸ್‌ವರ್ತಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರು ಇರುತ್ತಾರಲ್ಲ, ಅವರಿಗೆ ಸಿದ್ಧ ಉತ್ತರವೊಂದಿತ್ತು: "ನಾಲ್ಕೈದು ನೋಡಿದೆ. ಯಾವುದೂ ಸ್ಕೇಲಿಗೆ ಇರಲಿಲ್ಲ." ಆಕಾಶದಲ್ಲಿ ವಿಮಾನ ಹೋದರೆ ತಲೆ ಎತ್ತಿ ನೋಡಿ, "ಅದರ ರೆಕ್ಕೆಯೊಳಗೆ ನನ್ನದೊಂದು ಬ್ರಾಕೆಟ್ ಉಂಟು. ಕಾಣುವುದಿಲ್ಲ," ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅವರು ಬರೆದದ್ದೆಲ್ಲ ಹೀಗೆ ಕಾಣದ ಜಾಗ ಸೇರಿದ ಸಾಮಾನೇ. ತೊಂಬತ್ತೆರಡರಲ್ಲಿ ಕಂಪನಿ ನಕ್ಷೆಯ ಮೇಜುಗಳನ್ನು ಹೊರಗಿಟ್ಟು ಕಂಪ್ಯೂಟರ್ ತಂದಿತು. ಮೇಜುಗಳ ಜೊತೆಗೆ ಆಂಟಿಯನ್ನೂ ಹೊರಗಿಟ್ಟಿತು. ಮೇಜೊಂದನ್ನು ಅವರು ಮನೆಗೆ ತಂದರು. ಅದು ಊಟದ ಮನೆಯಲ್ಲಿ ಕೂತಿತ್ತು. ಅದರ ಓರೆಯಿಂದಾಗಿ ಆ ಮನೆಯಲ್ಲಿ ಸಾರು ಬಡಿಸುವುದು ಸ್ವಲ್ಪ ಕಷ್ಟವಿತ್ತು.

ಇನ್ನು ನನ್ನ ವಿಚಾರ. ನಾನು ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ, ನಿಮ್ಮ ಅರ್ಜಿ ತಿರಸ್ಕೃತವಾಗಿದೆ ಎಂಬುದನ್ನು ಎದುರಿನವರು ಥ್ಯಾಂಕ್ಸ್ ಹೇಳುವಷ್ಟು ಸೌಜನ್ಯದಿಂದ ತಿಳಿಸುವ ಕಾಗದಗಳನ್ನು ಬರೆಯುತ್ತಿದ್ದೆ. ಈ ಪ್ರತಿಭೆ ಹೇಗೋ ಹೊರಬಿದ್ದು, ನಮ್ಮ ಕಾಲನಿಯ ಮನೆ ಮಾಲೀಕರ ಸಂಘ ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿತು. ಸ್ಯಾಂಟಾ ಕ್ಲಾರಿಟಾದ ಆ ಕಾಲನಿಯಲ್ಲಿ ಮನೆಗಳಿಗೆ ಮೂರು ಬಣ್ಣಗಳಿಗೆ ಅನುಮತಿ ಇತ್ತು: ಗೋಧಿ, ಮರಳು ಮತ್ತು ಬಿಸ್ಕತ್ತು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಗುರುತಿಸಬಲ್ಲವರು ಸಂಘದ ಅಧ್ಯಕ್ಷರೊಬ್ಬರೇ. ರಿಟೈರಾದ ಭಾರಿ ಆಳು. ಅಂಗಳದಲ್ಲಿ ಟ್ರೈಲರಿನ ಮೇಲೆ ಒಂದು ಮೋಟಾರು ದೋಣಿ ಇಟ್ಟುಕೊಂಡಿದ್ದರು. ಆ ಒಣ ಊರಿನಲ್ಲಿ ದೋಣಿ ನೀರು ಕಂಡದ್ದನ್ನು ನಾನಂತೂ ನೋಡಲಿಲ್ಲ. ಆದರೆ ಪ್ರತಿ ಭಾನುವಾರ ಅವರು ಅದನ್ನು ಶ್ರದ್ಧೆಯಿಂದ ಒರೆಸುತ್ತಿದ್ದರು.

ಆಂಟಿ ಫ್ರೀವೇಯಲ್ಲಿ ಕಾರು ಓಡಿಸುತ್ತಿರಲಿಲ್ಲ. "ಅಷ್ಟು ನೇರ ಇರುವ ದಾರಿಯಲ್ಲಿ ನಿದ್ದೆ ಬರ್ತದೆ," ಎಂಬುದು ಕಾರಣ. ಹಾಗಾಗಿ ತೊಂಬತ್ಮೂರರ ಒಂದು ಶನಿವಾರ ಅವರನ್ನು ಸ್ಯಾನ್ ಡಿಯೆಗೊಗೆ ಕರೆದೊಯ್ಯುವ ಭಾಗ್ಯ ನನ್ನದಾಯಿತು. ದಾರಿಯಲ್ಲಿ, ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾದಲ್ಲಿ ಇಳಿದು ಕರಿಬೇವು, ಕುಚ್ಚಲಕ್ಕಿ ತಗೊಂಡೆವು. ಅಂಗಡಿಯವನು ಅಕ್ಕಿ ಚೀಲವನ್ನು ಡಿಕ್ಕಿಯಲ್ಲಿ ಅಡ್ಡಡ್ಡ ಇಟ್ಟನೆಂದು ಆಂಟಿ ಅವನಿಗೆ ಭಾರದ ಹಂಚಿಕೆಯ ಕುರಿತು ಒಂದು ಪಾಠ ಮಾಡಿದರು.

ಸ್ಯಾನ್ ಡಿಯೆಗೊದಲ್ಲಿ ಇದ್ದವರು ಆಂಟಿ 'ಸುಝೌ ಅಜ್ಜ' ಎಂದು ಕರೆಯುತ್ತಿದ್ದ ಚೀನೀ ವೃದ್ಧರು. ಕಂಪನಿಯಲ್ಲಿ ಹದಿನೆಂಟು ವರ್ಷ ಪಕ್ಕದ ಮೇಜಿನವರು. ರಿಟೈರಾದ ಮೇಲೆ ಮಗಳ ಊರಿಗೆ ಬಂದಿದ್ದರು. ಚೀನಾದ ಸುಝೌ ಪಟ್ಟಣದಲ್ಲಿ ಹಳೆಯ ಶ್ರೀಮಂತರೊಬ್ಬರ ತೋಟಕ್ಕೆ ಅಜ್ಜನ ತಂದೆ ಗಾರೆ ಕೆಲಸದವರಂತೆ. ಆ ತೋಟ ಅಜ್ಜನ ತಲೆಯಲ್ಲಿ ಉಳಿದಿತ್ತು. ತಲೆಯಲ್ಲಿದ್ದುದನ್ನು ಅವರು ಮನೆಯ ಹಿತ್ತಿಲಿಗೆ ಇಳಿಸಿದ್ದರು.

ತೋಟವೆಂದರೆ ನನಗೆ ಲಾಲ್‌ಬಾಗ್. ಗೇಟಿನಲ್ಲಿ ನಿಂತರೆ ಹೂವಿನ ಸಾಲು ಸಾಲು ಕಾಣಬೇಕು, ನಡುವೆ ಗಾಜಿನ ಮನೆ ಕಾಣಬೇಕು. ಅಜ್ಜನ ಹಿತ್ತಿಲ ಬಾಗಿಲು ತೆರೆದರೆ ಕಂಡದ್ದು ಒಂದು ಬಿಳಿ ಗೋಡೆ. ಸಾಲದ್ದಕ್ಕೆ ಅದರ ಮುಂದೊಂದು ಕಲ್ಲು.

"ಇಷ್ಟೇನಾ?" ಎಂದೆ ಕನ್ನಡದಲ್ಲಿ.

"ನಡಿ ಮಾರಾಯ. ನಿಂತಲ್ಲೇ ಎಲ್ಲ ಸಿಗಬೇಕು ಅಂದ್ರೆ ಇದು ಎಂತ, ಬಫೆಯಾ?"

ನಡೆದೆ. ಗೋಡೆ ಮುಗಿದಲ್ಲಿ ದಾರಿ ತಿರುಗಿತು. ತಿರುಗಿದಲ್ಲಿ ಇನ್ನೊಂದು ಗೋಡೆ. ಅದರಲ್ಲಿ ಹೆಂಚುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಮಾಡಿದ ಕಿಂಡಿ. ಕಿಂಡಿಯಲ್ಲಿ ನೀರಿನ ಒಂದು ತುಣುಕು ಕಾಣುತ್ತಿತ್ತು, ಕೊಳ ಕಾಣುತ್ತಿರಲಿಲ್ಲ. ಕೊಳ ಕಂಡಾಗ ಅದರ ಮೇಲಿನ ಸೇತುವೆ ಮೂರು ಕಡೆ ಅಂಕುಡೊಂಕಾಗಿ ತಿರುಗಿ ಸಾಗಿತ್ತು, ಆದ್ದರಿಂದ ಪ್ರತಿ ತಿರುವಿನಲ್ಲೂ ಬೇರೊಂದು ದಿಕ್ಕಿಗೆ ಮುಖ ಮಾಡಬೇಕಾಯಿತು. ಕೊನೆಯ ತಿರುವಿನಲ್ಲಿ ನಿಂತರೆ ಪಕ್ಕದ ಮನೆಯವನ ನೀಲಗಿರಿ ಮರ ಅಜ್ಜನ ತೋಟದ ಮರವೇ ಎನ್ನುವ ಹಾಗೆ ಗೋಡೆಯ ಮೇಲೆ ಬಾಗಿತ್ತು. ಆ ಮನೆಯ ಟಿವಿ ಆಂಟೆನಾ ಮಾತ್ರ ಎಲ್ಲಿಂದಲೂ ಕಾಣಲಿಲ್ಲ. ಕಾಲಡಿಯ ದಾರಿಯ ತುಂಬ ಒಡೆದ ಪಿಂಗಾಣಿಯ ಚೂರುಗಳು, ಮೀನಿನ ಹುರುಪೆಯ ಹಾಗೆ ಹೊಂದಿಸಿ ಕೂರಿಸಿದ್ದು. ಅಜ್ಜನ ಊರಿನಲ್ಲಿ ಒಡೆದ ತಟ್ಟೆ ಬಟ್ಟಲುಗಳನ್ನು ಎಸೆಯದೆ ತೋಟದ ದಾರಿಗೆ ಹಾಕುವುದು ಹಳೆಯ ಪದ್ಧತಿಯಂತೆ.

ವಾಪಸ್ ಬಂದ ಮೇಲೆ ಕೇಳಿದೆ, "ತೋಟ ಒಟ್ಟು ಎಷ್ಟು ದೊಡ್ಡದು?"

"ಎಷ್ಟು ಹೊತ್ತು ನಡೆದಿರಿ?" ಎಂದರು ಅಜ್ಜ.

"ಅರ್ಧ ಗಂಟೆ."

"ಹಾಗಾದರೆ ಅರ್ಧ ಗಂಟೆಯಷ್ಟು ದೊಡ್ಡದು."

ಆಂಟಿ ಆಗಲೇ ಹೆಜ್ಜೆ ಹಾಕಿ ಅಳೆದಿದ್ದರು. ಮೂವತ್ತಡಿಗೆ ನಲವತ್ತಡಿ. ಬೆಂಗಳೂರಿನ ಒಂದು ಸೈಟಿನಷ್ಟು.

ಆಮೇಲೆ ಎರಡು ಸಲ ಹೋದೆವು. ಪ್ರತಿ ಸಲವೂ ಆಂಟಿ ಒಂದೊಂದು ತಿರುವಿನಲ್ಲಿ ನಿಂತು, ಹೆಬ್ಬೆರಳೆತ್ತಿ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದರು. ಅವರು ಗುರುತು ಹಾಕಿಕೊಳ್ಳುತ್ತಿದ್ದದ್ದು ಗಿಡಗಳನ್ನಲ್ಲ. ಎಲ್ಲಿ ನಿಂತರೆ ಏನು ಮರೆಯಾಗುತ್ತದೆ ಎಂಬುದನ್ನು. "ಎಲ್ಲಿಂದ ನೋಡ್ತಿ ಅದು ಹೇಳು, ಎಂತ ಕಾಣ್ತದೆ ನಾನು ಹೇಳ್ತೇನೆ," ಎನ್ನುವುದು ಅವರ ಮಾತಿನ ಚಾಳಿಯಾಯಿತು. ಅಜ್ಜ ಅವರ ನೋಟ್‌ಬುಕ್ ನೋಡಿ ತಲೆದೂಗಿದರು. ತಮ್ಮ ಮನೆಯೆದುರೂ ಇಂಥದೊಂದು ತೋಟ ಮಾಡುವ ಆಂಟಿಯ ಯೋಜನೆಯಲ್ಲಿ ಕೊಳ ಇರಲಿಲ್ಲ, ಗುಡ್ಡವೂ ಇರಲಿಲ್ಲ. ಒಬ್ಬಳೇ ಅಷ್ಟು ನೆಲ ಅಗೆಯುವುದು ಹೇಗೆ ಎಂಬುದು ಆಂಟಿಯ ಪ್ರಶ್ನೆ.

"ಕೊಳ ತೋಡಿದ ಮಣ್ಣೇ ಗುಡ್ಡ," ಎಂದರು ಅಜ್ಜ. "ಎರಡೂ ಒಂದೇ ಕೆಲಸ. ನೀನು ಎರಡನ್ನೂ ಬಿಟ್ಟಿದ್ದೀಯ."

"ಮೊದಲು ಗೋಡೆ ಆಗಲಿ," ಎಂದರು ಆಂಟಿ.

ತೊಂಬತ್ನಾಲ್ಕರ ಜನವರಿಯಲ್ಲಿ ಭೂಕಂಪವಾಯಿತು. ಬೆಳಗಾಗುವಷ್ಟರಲ್ಲಿ ನಮ್ಮ ಕಾಲನಿಯ ಅಡುಗೆಮನೆಯ ಕಪಾಟುಗಳೆಲ್ಲ ನೆಲಕ್ಕೆ ಬಂದಿದ್ದವು, ಚಾವಣಿಯ ಚಿಮಣಿಗಳು ಅಂಗಳಕ್ಕೆ ಬಂದಿದ್ದವು, ನಾವು ರಸ್ತೆಗೆ ಬಂದಿದ್ದೆವು. ನಮ್ಮ ಬೀದಿಯಲ್ಲಿ ಜನರಿಗೆ ಏನೂ ಆಗಲಿಲ್ಲ. ವಾರದೊಳಗೆ ಪ್ರತಿ ಮನೆಯೆದುರು ರಟ್ಟಿನ ಡಬ್ಬಗಳ ಸಾಲು. ಅದರೊಳಗೆ ಒಡೆದ ತಟ್ಟೆ, ಲೋಟ, ಹೂದಾನಿ. ಕಸದ ಲಾರಿ ಬರುವುದಕ್ಕೆ ಮುಂಚೆ ಆಂಟಿ ಬಂದರು. ತಳ್ಳುಗಾಡಿ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗಿ, "ನಿಮ್ಮ ತಟ್ಟೆ ನನಗೆ ಕೊಡಿ," ಎಂದು ಕೇಳಿದರು. ಅಯ್ಯೋ ಪಾಪ, ಹೆಂಗಸಿಗೆ ಆಘಾತವಾಗಿದೆ ಎಂದುಕೊಂಡು ಎಲ್ಲರೂ ಕೊಟ್ಟರು. ನಮ್ಮ ಮದುವೆಯಲ್ಲಿ ಬಂದಿದ್ದ, ಬೆಂಗಳೂರಿನಿಂದ ಹೊತ್ತು ತಂದಿದ್ದ ಡಿನ್ನರ್ ಸೆಟ್ಟೂ ಹೋಯಿತು. ಬಿದ್ದ ಹೆಂಚು, ಉರುಳಿದ ಕಾಂಪೌಂಡಿನ ಬ್ಲಾಕು, ಎಲ್ಲವೂ ಹೋದವು. ನಮ್ಮ ಚಿಮಣಿ ಒಂದೇ ಗಡ್ಡೆಯಾಗಿ, ಅಲ್ಲಲ್ಲಿ ತೂತುಬಿದ್ದು ಅಂಗಳದಲ್ಲಿ ಮಲಗಿತ್ತು. ಆಂಟಿ ಅದರ ಸುತ್ತ ಮೂರು ಸುತ್ತು ಬಂದು, "ಇದು ಪರ್ವತ. ಯಾರಿಗೂ ಕೊಡಬೇಡ," ಎಂದರು. ನಾಲ್ಕು ಜನ ಸೇರಿ ಪರ್ವತವನ್ನು ರಸ್ತೆ ದಾಟಿಸಿದೆವು.

ಒಂದೂಕಾಲು ವರ್ಷ ಹಿಡಿಯಿತು. ಗಾರೆಯವನೊಬ್ಬನನ್ನು ಪಕ್ಕದಲ್ಲಿಟ್ಟುಕೊಂಡು, ಓರೆ ಮೇಜಿನ ಮೇಲಿನ ನಕ್ಷೆಯ ಪ್ರಕಾರ ಇಂಚಿಂಚೂ ನಿಂತು ಕಟ್ಟಿಸಿದರು. ಅಂಗಳದ ಮುಂದೆ, ಒಳಗೆ ಕಬ್ಬಿಣದ ಸರಳು ಹಾಕಿ ಕಾಂಕ್ರೀಟು ತುಂಬಿದ ಇಪ್ಪತ್ತಡಿ ಉದ್ದದ ಬಿಳಿ ಗೋಡೆ. ಎತ್ತರ ಅರವತ್ತಾರು ಇಂಚು. ಅದರ ನಡುವೆ ಬಿದ್ದ ಹೆಂಚುಗಳಿಂದಲೇ ಅಲೆಯಲೆಯಾಗಿ ಮಾಡಿದ ಕಿಂಡಿ. ಗೋಡೆಯ ಹಿಂದೆ ನನ್ನ ಚಿಮಣಿ, ಬಿದಿರು, ಬಾಗಿ ಬಾಗಿ ಹೋಗುವ ಚೂರಿನ ದಾರಿ. ಬಾಗಿಲ ಬಳಿಯ ಬೆಂಚಿನಲ್ಲಿ ಕೂತರೆ ಕಿಂಡಿಯಲ್ಲಿ ದೂರದ ಬೋಳುಗುಡ್ಡ ಮಾತ್ರ ಕಾಣುತ್ತಿತ್ತು. ರಸ್ತೆ ಇಲ್ಲ, ಕಾರಿಲ್ಲ, ಅಧ್ಯಕ್ಷರ ದೋಣಿಯಿಲ್ಲ. ಹತ್ತು ವರ್ಷ ಆ ಗುಡ್ಡದ ಎದುರು ಬದುಕಿದ ನಾನು ಅದನ್ನು ಮೊದಲ ಸಲ ನೋಡಿದ್ದು ಆ ಕಿಂಡಿಯಲ್ಲಿ.

ಗೃಹಪ್ರವೇಶದ ಹಾಗೆ ತೋಟಪ್ರವೇಶಕ್ಕೂ ಒಂದು ಸತ್ಯನಾರಾಯಣ ಪೂಜೆಯಾಯಿತು. ಸುತ್ತಲಿನ ಕನ್ನಡದವರೆಲ್ಲ ಬಂದರು. ವಾಸ್ತು ಬಲ್ಲವರೆಂದು ಹೆಸರಾದ ಅಂಕಲ್ ಒಬ್ಬರು ಗೋಡೆಯ ಮುಂದೆ ನಿಂತು ಲೊಚಗುಟ್ಟಿದರು. "ಮನೆಯೆದುರಿಗೆ ಗೋಡೆ! ಲಕ್ಷ್ಮಿ ಹೆಂಗಮ್ಮಾ ಬರ್ತಾಳೆ?"

"ಲಕ್ಷ್ಮಿಗೆ ತಿರುಗಲಿಕ್ಕೆ ಬರ್ತದೆ," ಎಂದರು ಆಂಟಿ. "ತಿರುಗಲಿಕ್ಕೆ ಬಾರದ್ದು ದೆವ್ವಕ್ಕಂತೆ. ಚೀನಾದಲ್ಲಿ ಹೇಳ್ತಾರೆ, ದೆವ್ವ ನೇರ ಮಾತ್ರ ನಡೀತದೆ, ಗೋಡೆಗೆ ಹೊಡೆದು ವಾಪಸ್ ಹೋಗ್ತದೆ ಅಂತ. ನೀವು ಬಂದಿರಲ್ಲ, ಹಾಗಾದ್ರೆ ಅಡ್ಡಿಲ್ಲ. ಪ್ರಸಾದ ತಗೊಳ್ಳಿ."

ಅಂಕಲ್ ಎರಡು ಸಲ ಪ್ರಸಾದ ತಗೊಂಡರು.

ವಾಸ್ತುವಿನಿಂದ ಪಾರಾದ ಗೋಡೆ ಸಂಘದ ಕೈಗೆ ಸಿಕ್ಕಿತು. ಮುಂದಿನ ಅಂಗಳದಲ್ಲಿ ನಲವತ್ತೆರಡು ಇಂಚಿಗಿಂತ ಎತ್ತರದ ಗೋಡೆ ಕೂಡದು ಎಂಬುದು ನಿಯಮ. ಅದು ಗಾರೆಯವನಿಗೆ ಗೊತ್ತಿರಲಿಲ್ಲ, ಆಂಟಿ ಕೇಳಿರಲಿಲ್ಲ, ನನಗೆ ಗೊತ್ತಿತ್ತು, ಆದರೆ ನಾನು ಬಾಯಿ ಬಿಟ್ಟಿರಲಿಲ್ಲ. ಇಂಥ ಮೌನಕ್ಕೆ ಕಚೇರಿಗಳಲ್ಲಿ ವಿವೇಚನೆ ಎನ್ನುತ್ತಾರೆ. ವಿಚಾರಣೆ ಕಾಲನಿಯ ಶಾಲೆಯ ಲೈಬ್ರರಿಯಲ್ಲಿ ನಡೆಯಿತು. ಒಂದನೇ ತರಗತಿಯ ಕುರ್ಚಿಗಳಲ್ಲಿ ನಾಲ್ವರು ಸದಸ್ಯರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತು ನ್ಯಾಯಪೀಠವನ್ನು ಅಲಂಕರಿಸಿದ್ದರು.

"ಮೇಡಂ, ಆ ಗೋಡೆ ಯಾಕೆ?" ಎಂದರು ಅಧ್ಯಕ್ಷರು.

"ಕಾಣಲಿಕ್ಕೆ."

"ಗೋಡೆ ಮರೆ ಮಾಡುತ್ತದೆ."

"ಹೌದು. ಅದಕ್ಕೇ ಕಾಣುವುದು. ನಮ್ಮೂರಲ್ಲಿ ದೇವರನ್ನೇ ಗೋಡೆಯ ಕಿಂಡಿಯಲ್ಲಿ ನೋಡ್ತೇವೆ. ಒಂಬತ್ತು ತೂತು. ಗೋಡೆ ಕೆಡವಿ, ಸರಿಯಾಗಿ ಕಾಣುವುದಿಲ್ಲ ಅಂತ ಯಾರೂ ಅರ್ಜಿ ಕೊಟ್ಟಿಲ್ಲ."

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಅಂದರೆ ಇದು ಧಾರ್ಮಿಕ ಕಟ್ಟಡವೇ? ಅದಕ್ಕೆ ಬೇರೆ ಫಾರಂ ಇದೆ."

ಆಂಟಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು, "ಇವನ ದೋಣಿ ನೀರು ಕಾಣದೆ ಎಷ್ಟು ವರ್ಷ ಆಯ್ತು ಕೇಳು ಮಾರಾಯ."

"ಏನಂದರು?" ಎಂದರು ಅಧ್ಯಕ್ಷರು.

"ಸಂಘಕ್ಕೆ ವಂದನೆ ತಿಳಿಸಿದರು," ಎಂದೆ.

ನಾಲ್ಕು ಮತಗಳಿಂದ ನಿರ್ಣಯವಾಯಿತು. ಮೂವತ್ತು ದಿನದೊಳಗೆ ಗೋಡೆ ನಲವತ್ತೆರಡು ಇಂಚಿಗೆ ಬರಬೇಕು. ಇಲ್ಲದಿದ್ದರೆ ಸಂಘವೇ ಆಳು ಕರೆಸಿ ಕೆಡವಿಸುತ್ತದೆ. ಕಾರ್ಯದರ್ಶಿಗೆ ಮತವಿಲ್ಲ, ಪೆನ್ನು ಮಾತ್ರ. ನೋಟೀಸು ನಾನೇ ಬರೆದೆ. ಚೆನ್ನಾಗಿಯೇ ಬರೆದೆ. ರಸ್ತೆ ದಾಟಿ ಕೊಡುವ ಮುಖವಿರಲಿಲ್ಲವಾಗಿ ರಿಜಿಸ್ಟರ್ ಪೋಸ್ಟ್ ಮಾಡಿದೆ. ಕಾಗದ ನಮ್ಮ ಮನೆಯಿಂದ ಹೊರಟು, ಅಂಚೆಯವರು ಕಳಿಸಿದಲ್ಲೆಲ್ಲ ಸುತ್ತಿ, ಮೂರನೇ ದಿನ ಎದುರುಮನೆ ತಲುಪಿತು.

ಅಂದೇ ಸಂಜೆ ಆಂಟಿ ರಸ್ತೆ ದಾಟಿ ಬಂದರು. ಲಕೋಟೆ ಒಡೆದಿರಲಿಲ್ಲ.

"ಬಾ. ನೀನೇ ಬರೆದದ್ದು, ನೀನೇ ಓದಿ ಹೇಳು. ಇಲ್ಲಿ ಅಲ್ಲ, ಅಲ್ಲಿ ಕೂತು."

ಕಿಂಡಿಯೆದುರಿನ ಬೆಂಚಿನಲ್ಲಿ ಕೂತು, ನನ್ನ ಇಂಗ್ಲಿಷನ್ನು ನಾನೇ ಗಟ್ಟಿಯಾಗಿ ಓದಿದೆ. ಅಷ್ಟು ಸೌಜನ್ಯದ ಭಾಷೆ ಬಾಯಲ್ಲಿ ಅಷ್ಟು ಒಗರಾಗಿ ಹತ್ತಿದ್ದು ಅದೇ ಮೊದಲು. ಮುಗಿದ ಮೇಲೆ ಆಂಟಿ ತಮ್ಮ ಬೆರಳಿನ ಗಂಟನ್ನು ಉಜ್ಜಿಕೊಂಡರು.

"ಇಪ್ಪತ್ತೆರಡು ವರ್ಷ ಗೆರೆ ಎಳೆದೆ. ಎಲ್ಲ ರೆಕ್ಕೆಯ ಒಳಗೆ ಹೋಯ್ತು. ನನ್ನ ನಕ್ಷೆಯಿಂದ ಎದ್ದು, ನಾನು ಕೂತು ನೋಡುವ ಹಾಗೆ ನಿಂತದ್ದು ಇದೊಂದೇ. ಎರಡಡಿ ಕಡಿದ್ರೆ ಕಿಂಡಿ ಹೋಗ್ತದೆ. ಕಿಂಡಿ ಹೋದ್ರೆ ಗುಡ್ಡ ಹೋಗ್ತದೆ. ಮತ್ತೆ ಉಳಿಯುವುದು ಎಂತದು? ಬಿದಿರು ಮತ್ತು ನಿನ್ನ ಚಿಮಣಿ." ತಲೆಯೆತ್ತಿದರು. "ಒಂದು ಸಲ ನನ್ನನ್ನು ಹೊರಗೆ ಹಾಕಿದ್ರು, ನಾನು ಮೇಜು ಹೊತ್ತುಕೊಂಡು ಬಂದೆ. ಇನ್ನು ಹೊರುವುದಿಲ್ಲ. ಒಂದು ಬ್ಲಾಕ್ ಅಲ್ಲಾಡಿಸಲಿಕ್ಕೆ ಬಿಡುವುದಿಲ್ಲ. ನಿಯಮದ ಪುಸ್ತಕ ತಾ."

ತಂದುಕೊಟ್ಟೆ. ಎಂಬತ್ತು ಪುಟ. ಅದನ್ನು ಪೂರ್ತಿಯಾಗಿ ಓದಿದವರು ಆವರೆಗೆ ಯಾರೂ ಇರಲಿಲ್ಲ, ಬರೆದ ವಕೀಲರೂ ಸೇರಿ. ಆಂಟಿ ಪೆನ್ಸಿಲ್ ಹಿಡಿದು ನಕ್ಷೆ ತಿದ್ದುವ ಹಾಗೆ ಓದಿದರು. ಎರಡು ದಿನದ ಮೇಲೆ ಮತ್ತೆ ಕರೆದರು.

"ಎತ್ತರ ನಲವತ್ತೆರಡು ಅಂತ ಉಂಟು. ಎಲ್ಲಿಂದ?"

ಕಾರ್ಯದರ್ಶಿಯಾದವನು ಕೇಳಿದ್ದಕ್ಕೆ ಉತ್ತರ ಹೇಳಲೇಬೇಕು. ಪುಟ ತಿರುವಿ ಓದಿದೆ: ಗೋಡೆಯ ಎತ್ತರವನ್ನು ರಸ್ತೆಯ ಬದಿಯಲ್ಲಿ ಗೋಡೆಗೆ ತಾಗಿದ ನೆಲದಿಂದ ಅಳೆಯತಕ್ಕದ್ದು.

ಆಂಟಿ ನನ್ನನ್ನು ನೋಡಿದರು. ನಾನು ಆಂಟಿಯನ್ನು ನೋಡಿದೆ. ಅವರು ಎಡಗಣ್ಣು ಮುಚ್ಚಿ, ಹೆಬ್ಬೆರಳೆತ್ತಿ, ಗೋಡೆಯ ಬುಡವನ್ನು ನೋಡಿದರು. ಆಮೇಲೆ ಹೋಗಿ ಸುಝೌ ಅಜ್ಜನಿಗೆ ಫೋನ್ ಮಾಡಿದರು. ಹೇಳಿದ್ದು ಒಂದೇ ಮಾತು: "ಕೊಳ ತೋಡ್ತೇನೆ."

ಆ ಕಡೆಯಿಂದ ಅಜ್ಜ ನಕ್ಕದ್ದು ನನಗೂ ಕೇಳಿಸಿತು.

ಸಲಿಕೆ ಹಿಡಿದು ಹೋದ ಮೊದಲ ದಿನ ನಾವು ಇಬ್ಬರೇ. ಸಂಘದ ಕಾರ್ಯದರ್ಶಿ, ಸಂಘದ ನೋಟೀಸಿಗೆ ಸಹಿ ಹಾಕಿದವನು, ಅಂಗಿ ತೋಳು ಮಡಚಿ ಅಗೆಯುತ್ತಿರುವುದನ್ನು ಕಂಡು ಪಕ್ಕದ ಮನೆಯ ನರ್ಸಮ್ಮ ವಿಚಾರಿಸಲು ಬಂದರು. ದಾರಿಯಲ್ಲಿ ಅವರ ಕಾಲು ನಿಂತಿತು. ಬಗ್ಗಿ, "ಇದು ನನ್ನ ಕಾಫಿ ಮಗ್ಗಿನ ಹಿಡಿ!" ಎಂದರು. ಮರುದಿನ ಅವರ ಗಂಡ ಸಲಿಕೆ ತಂದರು. ಮೂಲೆಮನೆಯ ಮೆಕ್ಸಿಕನ್ ಅಜ್ಜಿ ತಮ್ಮ ಹಳದಿ ಹೂವಿನ ಬಟ್ಟಲನ್ನು ಗುರುತಿಸಿ, ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು ಎಲ್ಲರ ಮೇಲೂ ಮೇಸ್ತ್ರಿಕೆ ಮಾಡಿದರು. ಸುದ್ದಿ ಬೀದಿಯಿಡೀ ಹರಡಿತು. ತಂತಮ್ಮ ತಟ್ಟೆ ಹುಡುಕಲು ಬಂದವರಿಗೆ ಆಂಟಿ ಮೊದಲು ತಟ್ಟೆ ತೋರಿಸುತ್ತಿದ್ದರು, ಆಮೇಲೆ ಬಕೆಟ್ ಕೊಡುತ್ತಿದ್ದರು. ನನ್ನ ಹೆಂಡತಿ ನಮ್ಮ ಡಿನ್ನರ್ ಸೆಟ್ಟಿನ ನೀಲಿ ಅಂಚನ್ನು ಮೂರನೇ ತಿರುವಿನಲ್ಲಿ ಕಂಡು, "ಊರವರೆಲ್ಲ ತುಳೀತಾರಲ್ಲ ಆಂಟಿ," ಎಂದಳು.

"ಕಪಾಟಿನೊಳಗೆ ಇದ್ದಾಗ ಎಷ್ಟು ಜನ ನೋಡಿದ್ರು?"

ಹೆಂಡತಿ ಬಕೆಟ್ ಎತ್ತಿಕೊಂಡಳು.

ಆ ಊರಿನ ನೆಲ ಕಲ್ಲಿನಂಥ ಜೇಡಿಮಣ್ಣು. ನಾಲ್ಕು ವಾರಾಂತ್ಯ ಅಗೆದೆವು. ಗೋಡೆಯ ಒಳಗೆ ಹದಿನೇಳು ಇಂಚು ಆಳದ ಕೊಳ. ಹದಿನೆಂಟಾದರೆ ಅದಕ್ಕೆ ಬೇಲಿ ಹಾಕಬೇಕೆಂದು ಪುಸ್ತಕದ ಅರವತ್ತನೇ ಪುಟ ಹೇಳುತ್ತಿತ್ತು. ತೋಡಿದ ಮಣ್ಣೆಲ್ಲ ಗೋಡೆಯ ಹೊರಗೆ ಹೋಯಿತು. ಕಾಲುದಾರಿಯ ಅಂಚಿನಿಂದ ಮೆಲ್ಲಗೆ ಏರಿ ಗೋಡೆಗೆ ತಾಗುವ ದಿಬ್ಬ. ಆಂಟಿ ಹಗ್ಗ ಕಟ್ಟಿ, ಮಟ್ಟ ನೋಡಿ, ಒದ್ದು, ಗುದ್ದಿ ಗಟ್ಟಿಮಾಡಿಸಿ, ಅದರ ಮೇಲೆ ಹುಲ್ಲಿನ ಹಾಸು ಹೊದಿಸಿದರು. ಮುಂದಿನ ಅಂಗಳದಲ್ಲಿ ಹಸಿರು ಹುಲ್ಲಿರತಕ್ಕದ್ದು ಎಂಬ ಇನ್ನೊಂದು ನಿಯಮವೂ ಅಲ್ಲಿಗೆ ಪಾಲನೆಯಾಯಿತು.

ಮೂವತ್ತನೇ ದಿನ ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷರು ಟೇಪು ಹಿಡಿದು ಬಂದರು. ಹಿಂದೆ ಮೂವರು ಸದಸ್ಯರು, ಅವರ ಹಿಂದೆ ಬೀದಿ. ಕೆಡವುವ ಆಳಿನ ಟ್ರಕ್ಕು ತಿರುವಿನಲ್ಲಿ ಕಾಯುತ್ತಿತ್ತು. ನಾನು ನೋಟ್‌ಬುಕ್ ಹಿಡಿದು ಅಧಿಕೃತವಾಗಿ ನಿಂತಿದ್ದೆ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು.

ಅಧ್ಯಕ್ಷರು ದಿಬ್ಬ ಹತ್ತಿ ಟೇಪಿನ ತುದಿಯನ್ನು ಗೋಡೆಯ ಬುಡಕ್ಕೆ ಹಿಡಿದರು. ಎಳೆದರು. ಓದಿದರು. ಬಗ್ಗಿ ಮತ್ತೆ ಓದಿದರು. ಎಡಕ್ಕೆ ಐದಡಿ ಸರಿದು ಅಳೆದರು, ಬಲಕ್ಕೆ ಐದಡಿ ಸರಿದು ಅಳೆದರು.

"ಕಾರ್ಯದರ್ಶಿಗಳೇ, ಬರೆದುಕೊಳ್ಳಿ," ಎಂದರು ಕೊನೆಗೆ. ಅವರ ಧ್ವನಿ ಕೊಂಚ ಬತ್ತಿತ್ತು. "ನಲವತ್ತೆರಡು."

"ಗೋಡೆ ಇಳಿಸಿ ಅಂತ ನೀವು ಹೇಳಿದ್ದು," ಎಂದರು ಆಂಟಿ. ದಿಬ್ಬದ ಮೇಲಿಂದ ನೋಡಿದರೆ ಗೋಡೆಯ ಆಚೆ ಅವರ ತಲೆ ಮಾತ್ರ ಕಾಣುತ್ತಿತ್ತು. "ಗೋಡೆ ಇಳಿಯುವುದಿಲ್ಲ. ನಾನು ನೆಲ ಏರಿಸಿದೆ."

ಬೀದಿಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ಮೇಸ್ತ್ರಿ ಅಜ್ಜಿ ಸ್ಪ್ಯಾನಿಷಿನಲ್ಲಿ ಏನೋ ಕೂಗಿದರು. ಅದನ್ನು ನಾನು ವಂದನೆಯೆಂದೇ ಬರೆದುಕೊಂಡೆ.

ಅಧ್ಯಕ್ಷರು ಸೋತ ಮುಖದಲ್ಲೇ ಒಳಗೆ ಪರಿಶೀಲಿಸುವುದಿದೆ ಎಂದರು. ಆಂಟಿ ದಾರಿ ತೋರಿಸಿದರು. ಎರಡನೇ ತಿರುವಿನಲ್ಲಿ ಅಧ್ಯಕ್ಷರು ಗಕ್ಕನೆ ನಿಂತರು. ಕಾಲಡಿಯಲ್ಲಿ ಹಸಿರು ಬಳ್ಳಿಯಂಚಿನ ಒಂದು ತಟ್ಟೆಯ ಚೂರು. ತೀರಿಹೋದ ಅವರ ಹೆಂಡತಿ ಹಬ್ಬಕ್ಕೆ ಮಾತ್ರ ಹೊರತೆಗೆಯುತ್ತಿದ್ದ ತಟ್ಟೆ ಅದೆಂದು ನರ್ಸಮ್ಮ ಆಮೇಲೆ ಹೇಳಿದರು. ಅಧ್ಯಕ್ಷರು ಕಾಲನ್ನು ಪಕ್ಕಕ್ಕೆ ತೆಗೆದರು. ಅದನ್ನು ತುಳಿಯದೆ ದಾಟಿದರು. ಕೊಳದ ಆಳ ಅಳೆಯಲು ಟೇಪು ತೆಗೆದವರು ಅಳೆಯದೆಯೇ ಜೇಬಿಗೆ ಹಾಕಿಕೊಂಡರು.

ಆಂಟಿ ಅಷ್ಟಕ್ಕೇ ಬಿಡುವವರಲ್ಲ. ಹೊರಡುವಾಗ ಕೊಳದ ಕಡೆ ಕೈತೋರಿಸಿ, "ನಿಮ್ಮ ದೋಣಿಗೆ ನೀರು ಬೇಕಿದ್ರೆ ಹೇಳಿ," ಎಂದರು.

ಮುಂದಿನ ಸಭೆಯಲ್ಲಿ ಸಂಘ ನಿಯಮ ತಿದ್ದಿತು: ಇನ್ನು ಮೇಲೆ ಎತ್ತರವನ್ನು ರಸ್ತೆಯ ಮಟ್ಟದಿಂದ ಅಳೆಯತಕ್ಕದ್ದು. ಈಗಾಗಲೇ ನಿಂತಿರುವ ಗೋಡೆಗಳಿಗೆ ಇದು ಅನ್ವಯಿಸತಕ್ಕದ್ದಲ್ಲ ಎಂಬ ವಾಕ್ಯವನ್ನು ಕಾರ್ಯದರ್ಶಿ ಕರಡಿನ ಕೊನೆಗೆ ಸೇರಿಸಿದ. ನಾಲ್ವರೂ ಓದದೆ ಸಹಿ ಹಾಕಿದರು. ನನ್ನ ಜೀವಮಾನದಲ್ಲಿ ನಾನು ಬರೆದ ಒಳ್ಳೆಯ ವಾಕ್ಯ ಅದೊಂದೇ ಎಂದು ಆಂಟಿ ಹೇಳುತ್ತಿದ್ದರು. ಆ ತಿಂಗಳೇ ರಾಜೀನಾಮೆ ಕೊಟ್ಟೆ. ಅದಕ್ಕಿಂತ ಒಳ್ಳೆಯದನ್ನು ಬರೆಯುವ ಭರವಸೆ ನನಗಿರಲಿಲ್ಲ.

ಸುಝೌ ಅಜ್ಜನನ್ನು ನಾನೇ ಹೋಗಿ ಕರೆತಂದೆ. ಅವರು ಕೋಲೂರಿಕೊಂಡು ಒಬ್ಬರೇ ಒಳಗೆ ಹೋದರು. ನಾವು ಹೊರಗೆ ದಿಬ್ಬದ ಹುಲ್ಲಿನ ಮೇಲೆ ಕೂತು ಕಾದೆವು. ಆಂಟಿ ಗಡಿಯಾರ ನೋಡುತ್ತಿದ್ದರು. ಅಷ್ಟು ಚಡಪಡಿಸಿದ್ದನ್ನು ನಾನು ಟೇಪಿನ ದಿನವೂ ಕಂಡಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅಜ್ಜ ಹೊರಬಂದರು.

"ನನ್ನದಕ್ಕಿಂತ ಕಾಲು ಗಂಟೆ ದೊಡ್ಡದು," ಎಂದರು.

ಆಂಟಿಯ ಕಣ್ಣಲ್ಲಿ ನೀರು ಕಂಡದ್ದು ಆವತ್ತು ಮಾತ್ರ. ನೋಡುವಷ್ಟರಲ್ಲಿ ಅವರು ಗೋಡೆಯ ಕಡೆ ತಿರುಗಿದರು.

ತೊಂಬತ್ತೆಂಟರ ಬೇಸಿಗೆಯಲ್ಲಿ ಆಂಟಿ ಆಸ್ಪತ್ರೆ ಸೇರಿದರು. ಕಾಯಿಲೆಯ ಹೆಸರನ್ನು ಡಾಕ್ಟರು ಹೇಳಿದಾಗ, "ಸೈಜ್ ಎಷ್ಟು?" ಎಂದು ಕೇಳಿದರಂತೆ. ಕೊನೆಯ ಸಲ ನೋಡಲು ಹೋದದ್ದು ಒಂದು ಮಧ್ಯಾಹ್ನ. ಮಂಚವನ್ನು ತಿರುಗಿಸಿ ಹಾಕಿಸಿಕೊಂಡಿದ್ದರು. ಪಾರ್ಕಿಂಗ್ ಲಾಟು ಮರೆಯಾಗಿ ಕಿಟಕಿಯ ಮೂಲೆಯಲ್ಲಿ ಒಂದು ತಾಳೆಮರದ ತಲೆ ಮಾತ್ರ ಕಾಣುವ ಹಾಗೆ. ನರ್ಸುಗಳು ಎರಡು ಸಲ ನೆಟ್ಟಗೆ ಮಾಡಿದ್ದರಂತೆ, ಎರಡು ಸಲವೂ ಇವರು ಓರೆ ಮಾಡಿಸಿದ್ದರಂತೆ.

ನಾನು ಬಾಗಿಲಲ್ಲಿ ನಿಂತೆ. ಎಡಗಣ್ಣು ಮುಚ್ಚಿತು. ಕೈ ಪೂರ್ತಿ ಚಾಚಲಾಗಲಿಲ್ಲ, ಆದರೆ ಹೆಬ್ಬೆರಳು ನೆಟ್ಟಗೆ ನಿಂತಿತು.

"ಐದಡಿ ಏಳು," ಎಂದರು.

"ಇಲ್ಲ ಆಂಟಿ, ಐದೇ. ನೀವೇ ಹೇಳಿದ್ದಲ್ವಾ?"

"ಆಗ ನಾನು ನಿಂತು ಅಳೆದದ್ದು. ಈಗ ಮಲಗಿ ನೋಡ್ತಾ ಇದ್ದೇನೆ." ಕೈ ಇಳಿಸಿದರು. "ಇಲ್ಲಿಂದ ಏಳು ಉಂಟು. ಬರೆದುಕೋ."

ಹತ್ತು ದಿನದ ಮೇಲೆ ಹೋದರು. ಮನೆಯನ್ನು ಅಣ್ಣನ ಮಕ್ಕಳು ಮಾರಿದರು. ಕೊಂಡವರು ಗೋಡೆ ತೆಗೆಸಬೇಕೆಂದು ಮೊದಲು ಹೇಳುತ್ತಿದ್ದರು. ಒಂದು ಸಂಜೆ ಬೆಂಚಿನ ಮೇಲೆ ಕೂತ ಮೇಲೆ ಆ ಮಾತು ಎತ್ತಲಿಲ್ಲ. ಗೋಡೆ ನಿಂತಿದೆ. ನಿಯಮದ ಪ್ರಕಾರ ನಲವತ್ತೆರಡು, ನನ್ನ ಲೆಕ್ಕದಲ್ಲಿ ಅರವತ್ತಾರು.

ಆ ಮಾರನೇ ವರ್ಷ ನನ್ನ ಲೈಸೆನ್ಸ್ ರಿನ್ಯೂ ಮಾಡಿಸಬೇಕಾಯಿತು. ಕೌಂಟರಿನ ಹೆಂಗಸು ಫಾರಂ ನೋಡಿ, ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಎತ್ತರದಲ್ಲಿ ಏನಾದರೂ ತಿದ್ದುಪಡಿ ಇದೆಯೇ?" ಎಂದಳು.

"ಇಲ್ಲ," ಎಂದೆ. "ಐದಡಿ ಏಳು. ಅಳೆಸಿದ್ದೇನೆ."